ಜೋಳದ ಬೇರನ್ನು ಹೀರುವ ಬಿಳಿಕಸ

(ಅತನೂರ ಗ್ರಾಮದಲ್ಲಿ ಕೂಡಿದ ಜಮೀನುದಾರರ ಸಭೆಯಲ್ಲಿ ಕೃಷಿ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ಭೀಮಾ ನದಿಯ ಸೀಮೆಯಲ್ಲಿ ಹುಟ್ಟಿ ಬೆಳೆದ ರೈತರ ಮುಂದೆ ನಿಂತು ಜೋಳದ ವಿಷಯವಾಗಿ ಮಾತನಾಡುವುದು ಸುಲಭವಲ್ಲ. ಎರೆಯ ಹೊಲದ ಹದವನ್ನೂ, ಮಳೆಯ ಲೆಕ್ಕವನ್ನೂ, ಕೂರಿಗೆ ಹಿಡಿಯುವ ಕ್ರಮವನ್ನೂ ನೀವು ನಿಮ್ಮ ತಂದೆತಾತಂದಿರಿಂದ ಕಲಿತಿರುವಿರಿ. ಆದುದರಿಂದ ಬಿತ್ತುವುದನ್ನು ಕಲಿಸಲು ನಾನು ಈ ದಿನ ಬಂದವನಲ್ಲ. ನೀವು ಬಿತ್ತಿದ ಜೋಳವನ್ನು ನಿಮಗಿಂತ ಮೊದಲು ಉಣ್ಣುವ ಒಂದು ಸಣ್ಣ ಗಿಡವಿರುವುದು. ಅದರ ನಡತೆಯನ್ನು ನಿಮಗೆ ತಿಳಿಸಿ, ಅದರ ಮೇಲೆ ಊರೆಲ್ಲ ಒಂದಾಗಿ ಏಳಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಬಂದಿರುವೆನು.

ಈ ಗಿಡವನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಮುಂಗಾರಿ ಜೋಳದ ಸಾಲುಗಳ ನಡುವೆ, ಪೈರಿನ ಬುಡದ ಹತ್ತಿರದಲ್ಲಿಯೇ, ಒಂದು ಗೇಣಿನಷ್ಟು ಎತ್ತರವಾಗಿ ನಿಲ್ಲುವುದು. ಕಾಂಡವೂ ಎಲೆಯೂ ಮುಟ್ಟಿದರೆ ಒರಟು. ಎಲೆಗಳು ಕಿರಿದಾಗಿ ಉದ್ದವಾಗಿರುವುವು. ಹೂವು ಚಿಕ್ಕದು, ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಿಳಿಯದು. ಹೂವನ್ನು ಬೆರಳಿನಲ್ಲಿ ಹಿಡಿದು ನೋಡಿದರೆ ಅದರ ಕೊಳವೆಯು ನಡುವೆ ಬಾಗಿರುವುದು ಕಾಣುವುದು. ನೋಡುವುದಕ್ಕೆ ಅಂದವಾದುದು, ಹೊಲದಲ್ಲಿ ಯಾರಿಗೂ ಕೇಡು ಮಾಡದೆಂದು ತೋರುವಂಥದು. ಊರೂರಿಗೆ ಇದರ ಹೆಸರು ಬೇರೆ. ಮರಾಠಿಯವರು ಇದನ್ನು ಟಾರಫುಲಾ ಎನ್ನುವರು. ಹಿಂದಿಯವರು ಅಗಿಯಾ, ಅಂದರೆ ಬೆಂಕಿಯಂಥದು, ಎನ್ನುವರು. ಹೂವಿನ ಬಣ್ಣದಿಂದ ಬಿಳಿಕಸವೆಂದು ಹೇಳುವುದುಂಟು. ಈ ಭಾಷಣದಲ್ಲಿ ನಾನೂ ಹಾಗೆಯೇ ಕರೆಯುವೆನು.

ಸಸ್ಯಶಾಸ್ತ್ರಜ್ಞರು ಇದನ್ನು ಸ್ಟ್ರೈಗಾ ಎಂಬ ಕುಲಕ್ಕೆ ಸೇರಿಸಿರುವರು. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತನು ೧೭೫೩ರಲ್ಲಿ ಈ ಗಿಡವನ್ನು ಬೇರೊಂದು ಕುಲದ ಹೆಸರಿನಲ್ಲಿ ವರ್ಣಿಸಿದ್ದನು. ವಿಯೆಟ್ನಾಮ್ ಸೀಮೆಯಲ್ಲಿದ್ದ ಲೊರೇರೊ ಎಂಬ ಪೋರ್ತುಗೀಸ್ ಪಾದ್ರಿಯು ೧೭೯೦ರಲ್ಲಿ ಸ್ಟ್ರೈಗಾ ಎಂಬ ಹೆಸರನ್ನು ಕೊಟ್ಟನು. ಈ ಕುಲದಲ್ಲಿ ಸುಮಾರು ೩೦ರಿಂದ ೪೦ ಭೇದಗಳುಂಟು. ಅವುಗಳಲ್ಲಿ ಹೆಚ್ಚಿನವು ಆಫ್ರಿಕ ಖಂಡದವು, ಕೆಲವು ನಮ್ಮ ದೇಶದವು. ಇಷ್ಟು ದೊಡ್ಡ ಕುಲವಾಗಿದ್ದರೂ ಇದನ್ನು ಹೆಸರು ಹಿಡಿದು ಬಲ್ಲ ರೈತರು ಕಡಿಮೆ. ಇಂಗ್ಲಿಷಿನಲ್ಲಿ ಇದಕ್ಕೆ ಮಾಟಗಾತಿಯ ಕಳೆ ಎಂಬರ್ಥದ ಹೆಸರಿರುವುದು. ಆ ಹೆಸರು ಏಕೆ ಬಂದಿತೆಂಬುದು ಮುಂದೆ ಹೇಳುವ ಸಂಗತಿಯಿಂದ ತಾನೇ ತಿಳಿಯುವುದು.

೧. ಕಾಣದ ಕಳವು

ಮಾವಿನ ಮರದ ಕೊಂಬೆಯ ಮೇಲೆ ಬದನಿಕೆ ಬೆಳೆಯುವುದನ್ನು ನೀವು ಬಲ್ಲಿರಿ. ಅದು ಮರದ ರಸವನ್ನು ಕುಡಿದು ಬದುಕುವುದು. ಆದರೆ ಬದನಿಕೆಯು ಕಣ್ಣಿಗೆ ಕಾಣುವ ಕಳ್ಳ. ಕೊಡಲಿ ತೆಗೆದುಕೊಂಡು ಹತ್ತಿದರೆ ಕಡಿದುಹಾಕಬಹುದು. ಬಿಳಿಕಸವು ಅದೇ ಕೆಲಸವನ್ನು ಮಣ್ಣಿನ ಒಳಗೆ ಮಾಡುವುದು. ಅದರ ಬೇರು ಜೋಳದ ಬೇರನ್ನು ಮುಟ್ಟಿದ ಸ್ಥಳದಲ್ಲಿ ಒಂದು ಸಣ್ಣ ಗಂಟಾಗಿ ಊದಿಕೊಂಡು, ಜೋಳದ ಬೇರಿನೊಳಗೆ ತೂರಿ, ನೀರನ್ನೂ ಸಾರವನ್ನೂ ಎಳೆದುಕೊಳ್ಳುವುದು. ಎಲೆ ಹಸುರಾಗಿರುವುದರಿಂದ ತನ್ನ ಆಹಾರದಲ್ಲಿ ಸ್ವಲ್ಪ ಭಾಗವನ್ನು ತಾನೇ ಮಾಡಿಕೊಳ್ಳುವುದಾದರೂ, ಆಸರೆಯ ಪೈರಿಲ್ಲದೆ ಅದು ಬದುಕಲಾರದು.

ಮುಖ್ಯವಾದ ಮಾತೇನೆಂದರೆ, ಈ ಗಿಡವು ಮೊಳೆತ ಮೇಲೆ ಹಲವು ವಾರಗಳ ಕಾಲ ನೆಲದ ಮೇಲಕ್ಕೆ ಬರುವುದೇ ಇಲ್ಲ. ಬಣ್ಣವಿಲ್ಲದ ಎಳೆಯಂತೆ ಮಣ್ಣಿನೊಳಗಿದ್ದುಕೊಂಡೇ ಹೀರುತ್ತಿರುವುದು. ರೈತನ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಪೈರಿಗೆ ಆಗಬೇಕಾದ ಹಾನಿಯ ದೊಡ್ಡ ಪಾಲು ಆಗಿಹೋಗಿರುವುದು. ಭೂಮಿಯಲ್ಲಿ ತೇವವಿದ್ದರೂ ಜೋಳವು ನೀರಿಲ್ಲದಂತೆ ಬಾಡುವುದು, ಎಲೆ ಹಳದಿಯಾಗಿ ಅಂಚು ಸುಟ್ಟಂತಾಗುವುದು, ದಂಟು ಮೇಲಕ್ಕೇಳದು, ತೆನೆ ಬಂದರೂ ಕಾಳು ಕೂಡದು. ಉಪದ್ರವವು ಹೆಚ್ಚಾದಲ್ಲಿ ಫಸಲೆಲ್ಲ ಹೋಗುವುದೂ ಉಂಟು. ಆಗ ರೈತನು ಮಳೆಯನ್ನು ದೂರುವನು, ಬೀಜವನ್ನು ದೂರುವನು, ಯಾರದೋ ದೃಷ್ಟಿ ತಾಗಿತೆನ್ನುವನು, ಮಾಟವಾಯಿತೆನ್ನುವನು. ಮಾಟವೇನೂ ಇಲ್ಲ. ಬುಡದ ಮಣ್ಣನ್ನು ಮೆಲ್ಲಗೆ ಬಿಡಿಸಿ, ಬೇರನ್ನು ನೀರಿನಲ್ಲಿ ತೊಳೆದು ನೋಡಿದರೆ ಕಳ್ಳನು ಕೈಗೆ ಸಿಕ್ಕುವನು. ಈ ಪರೀಕ್ಷೆಯನ್ನು ನಿಮ್ಮ ಮಕ್ಕಳಿಂದಲೂ ಮಾಡಿಸಿರಿ.

ಜೋಳವೊಂದೇ ಅಲ್ಲದೆ ಸಜ್ಜೆ, ಮೆಕ್ಕೆಜೋಳ, ನವಣೆ, ಭತ್ತ, ಕಬ್ಬು ಮತ್ತು ಬದುವಿನ ಮೇಲಿನ ಕೆಲವು ಹುಲ್ಲುಗಳು ಇದಕ್ಕೆ ಆಸರೆಯಾಗುವುವು. ಉತ್ತರ ಕರ್ನಾಟಕದ ಕಬ್ಬಿನ ಸೀಮೆಗಳಲ್ಲಿ ಇದರ ಉಪದ್ರವವು ಕಂಡುಬಂದಿರುವುದು. ಭೀಮೆಯ ದಂಡೆಯ ಹೊಲಗಳಲ್ಲಿ ಕಬ್ಬು ಹೆಚ್ಚುತ್ತಿರುವ ಈ ಕಾಲದಲ್ಲಿ ಇದನ್ನು ಜೋಳದವರ ತೊಂದರೆಯೆಂದು ಕಬ್ಬಿನವರು ಸುಮ್ಮನಿರತಕ್ಕದ್ದಲ್ಲ.

೨. ಬೀಜದ ಸಂಗತಿ

ಒಂದೇ ಗಿಡವು ಸುಮಾರು ೫೦,೦೦೦ ಬೀಜಗಳನ್ನು ಉದುರಿಸಬಲ್ಲುದು. ಒಂದೊಂದು ಬೀಜವು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಉದ್ದವಿರುವುದು. ಅಂಗೈಯಲ್ಲಿ ಸುರುವಿಕೊಂಡರೆ ನಶ್ಯದ ಪುಡಿಯಂತೆ ತೋರುವುದು. ಗಾಳಿಯಲ್ಲಿ ಹಾರುವುದು, ಮಳೆಯ ನೀರಿನಲ್ಲಿ ಹರಿಯುವುದು, ಎತ್ತಿನ ಗೊರಸಿಗೂ ಟ್ರಾಕ್ಟರಿನ ಗಾಲಿಗೂ ಅಂಟಿಕೊಂಡು ಹೋಗುವುದು. ಗಿಡವನ್ನು ದನವು ಮೇಯ್ದರೆ ಸೆಗಣಿಯಲ್ಲಿಯೂ ಜೀವವುಳಿಸಿಕೊಂಡು ಹೊರಬರುವುದು. ಮಣ್ಣಿನಲ್ಲಿ ಬಿದ್ದ ಬೀಜವು ೧೦ ವರ್ಷಕ್ಕೂ ಮೇಲ್ಪಟ್ಟು ಸಾಯದೆ ಇರಬಲ್ಲುದು.

ಇಷ್ಟು ವರ್ಷ ಅದು ಏಕೆ ಸುಮ್ಮನಿರುವುದೆಂಬುದೇ ಈ ಗಿಡದ ಗುಟ್ಟು. ಬೇರೆ ಬೀಜಗಳು ತೇವವೂ ಬಿಸಿಯೂ ದೊರೆತ ಕೂಡಲೆ ಮೊಳೆಯುವುವು. ಬಿಳಿಕಸದ ಬೀಜಕ್ಕೆ ಅಷ್ಟೇ ಸಾಲದು. ಒಂದೆರಡು ವಾರ ತೇವದಲ್ಲಿ ನೆನೆದು ಸಿದ್ಧವಾದ ಮೇಲೆ, ತಕ್ಕ ಪೈರಿನ ಬೇರು ಬಹಳ ಹತ್ತಿರಕ್ಕೆ ಬಂದು, ಆ ಬೇರಿನಿಂದ ಒಸರುವ ಒಂದು ರಸವು ಸೋಕಿದರೆ ಮಾತ್ರ ಅದು ಮೊಳೆಯುವುದು. ಮೊಳೆತ ಬಳಿಕ ಕೆಲವೇ ದಿನಗಳೊಳಗೆ ಬೇರನ್ನು ಹಿಡಿಯದಿದ್ದರೆ ಸಾಯುವುದು. ಏಕೆಂದರೆ ನಶ್ಯದ ಪುಡಿಯಷ್ಟಿರುವ ಬೀಜದಲ್ಲಿ ಬುತ್ತಿಯು ಬಹಳ ಸ್ವಲ್ಪ.

ಈ ರಸವೇನೆಂಬುದನ್ನು ೧೯೬೬ರಲ್ಲಿ ಅಮೆರಿಕದ ಶಾಸ್ತ್ರಜ್ಞರು ಮೊದಲು ಬೇರ್ಪಡಿಸಿ ತೋರಿಸಿ, ಕಳೆಯ ಹೆಸರಿನಿಂದಲೇ ಅದನ್ನು ಸ್ಟ್ರೈಗಾಲ್ ಎಂದು ಕರೆದರು. ಆಶ್ಚರ್ಯವೇನೆಂದರೆ, ಅವರು ಅದನ್ನು ಪಡೆದದ್ದು ಜೋಳದ ಬೇರಿನಿಂದಲ್ಲ, ಹತ್ತಿಯ ಬೇರಿನಿಂದ. ಹತ್ತಿಯನ್ನು ಈ ಕಳೆಯು ಹಿಡಿಯಲಾರದು. ಈ ಮಾತನ್ನು ನೆನಪಿನಲ್ಲಿಡಿರಿ; ಮುಂದೆ ಉಪಯೋಗಕ್ಕೆ ಬರುವುದು.

ಪೈರು ತನ್ನ ಶತ್ರುವನ್ನು ತಾನೇ ಏಕೆ ಕರೆಯುವುದೆಂದು ನೀವು ಕೇಳಬಹುದು. ಇದಕ್ಕೆ ಉತ್ತರವು ೨೦೦೫ರಲ್ಲಿ ಜಪಾನಿನ ಶಾಸ್ತ್ರಜ್ಞರಿಂದ ದೊರೆಯಿತು. ಮಣ್ಣಿನಲ್ಲಿ ಬೇರಿನೊಡನೆ ಸ್ನೇಹದಿಂದ ಬಾಳುವ ಒಂದು ಬಗೆಯ ಬೂಷ್ಟುಗಳಿರುವುವು. ಅವು ಮಣ್ಣಿನಿಂದ ರಂಜಕವನ್ನು ಹೆಕ್ಕಿ ತಂದು ಬೇರಿಗೆ ಕೊಡುವುವು. ಆ ಸ್ನೇಹಿತರನ್ನು ಕರೆಯುವುದಕ್ಕಾಗಿ ಬೇರು ಈ ರಸವನ್ನು ಒಸರಿಸುವುದು. ಭೂಮಿಯಲ್ಲಿ ಸಾರ ಕಡಿಮೆಯಾದಷ್ಟೂ ರಸವು ಹೆಚ್ಚು ಒಸರುವುದು. ಹಸಿದ ಮನೆಯವನು ನೆರೆಯವರನ್ನು ಗಟ್ಟಿಯಾಗಿ ಕೂಗಿದರೆ ಆ ಕೂಗು ಕಳ್ಳನ ಕಿವಿಗೂ ಬೀಳುವುದಷ್ಟೆ. ಸಾರವಿಲ್ಲದ ಮಡ್ಡಿಯ ಹೊಲಗಳಲ್ಲಿ ಬಿಳಿಕಸವು ಹೆಚ್ಚಾಗಿಯೂ, ಗೊಬ್ಬರ ಕಂಡ ಹೊಲಗಳಲ್ಲಿ ಕಡಿಮೆಯಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ. ಬಡವನ ಹೊಲವನ್ನೇ ಇದು ಹುಡುಕಿಕೊಂಡು ಹೋಗುವುದೆಂಬ ಮಾತು ಸುಳ್ಳಲ್ಲ.

೩. ನಾನು ಮಾಡಿದ ಒಂದು ತಪ್ಪು

ಇಲ್ಲಿ ನನ್ನ ಸ್ವಂತದ ಒಂದು ಸಂಗತಿಯನ್ನು ಮುಚ್ಚದೆ ಹೇಳುವೆನು. ಕಾಲೇಜು ಮುಗಿಸಿ ಇಲಾಖೆಗೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಗೆ ಹೋಗಿದ್ದೆನು. ಅಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾಗಿ, ಮೇಲಿನ ಹೊಲವು ಅಣ್ಣನಿಗೂ ತಗ್ಗಿನ ಹೊಲವು ತಮ್ಮನಿಗೂ ಬಂದಿತ್ತು. ಅಣ್ಣನ ಮುಂಗಾರಿ ಜೋಳದಲ್ಲಿ ಬಿಳಿಕಸವು ಬಹಳವಾಗಿದ್ದಿತು. ನಾನು ಪುಸ್ತಕದಲ್ಲಿ ಓದಿದ್ದಂತೆ, ಎಲ್ಲವನ್ನೂ ಕೀಳಬೇಕೆಂದು ಹೇಳಿ ಬಂದೆನು. ಆತನು ಹೆಂಡತಿಮಕ್ಕಳೊಡನೆ ಎರಡು ದಿನ ಬಗ್ಗಿ ಕಿತ್ತು, ಕಿತ್ತ ಗಿಡಗಳನ್ನೆಲ್ಲ ಬದುವಿನ ಮೇಲೆ ರಾಶಿಮಾಡಿದನು. ಗಿಡಗಳು ಆಗಲೇ ಹೂವು ಮುಗಿಸಿ ಕಾಯಿ ಕಟ್ಟಿದ್ದುದನ್ನು ನಾನು ಗಮನಿಸಲಿಲ್ಲ. ಕಿತ್ತದ್ದನ್ನು ಏನು ಮಾಡಬೇಕೆಂದೂ ಹೇಳಲಿಲ್ಲ. ಮುಂದೆ ಬಂದ ಮಳೆಯ ನೀರು ಆ ರಾಶಿಯನ್ನು ತೊಳೆದು ತಮ್ಮನ ಹೊಲಕ್ಕೆ ಇಳಿಯಿತು.

ಎರಡು ವರ್ಷದ ತರುವಾಯ ನಾನು ಪುನಃ ಆ ಊರಿಗೆ ಹೋದಾಗ ತಮ್ಮನ ಹೊಲವು ಬಿಳಿಯ ಹೂವಿನಿಂದ ತುಂಬಿದ್ದಿತು. ಅಣ್ಣನು ಮಾಟ ಮಾಡಿಸಿದನೆಂದು ತಮ್ಮನು ನಂಬಿ, ಎರಡು ಮನೆಗಳಿಗೂ ಮಾತು ನಿಂತುಹೋಗಿತ್ತು. ಅಣ್ಣನು ನನ್ನನ್ನು ನೋಡಿ, “ನೀವು ಹೇಳಿದಂಗ ಕಿತ್ತೆನಲ್ರೀ ಸಾಹೇಬರ, ಕಸ ನನ್ನ ಹೊಲ ಬಿಡಲಿಲ್ಲ, ತಮ್ಮನ್ನ ಬಿಡಿಸಿತು” ಎಂದನು. ನಾನು ಆ ದಿನ ಇಬ್ಬರನ್ನೂ ಹೊಲದಲ್ಲಿ ಕೂಡಿಸಿ, ಬೇರು ತೊಳೆದು ತೋರಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ಮಾತನಾಡುವಂತಾಗಲು ಇನ್ನೊಂದು ಸುಗ್ಗಿ ಹಿಡಿಯಿತು. ಅಂದಿನಿಂದ ಈ ಕಳೆಯ ವಿಷಯದಲ್ಲಿ ಅರ್ಧ ಮಾತು ಹೇಳಿ ಬರಬಾರದೆಂದು ನಿಶ್ಚಯಿಸಿರುವೆನು. ಆದುದರಿಂದ ಈಗ ಹೇಳುವ ಉಪಾಯಗಳನ್ನು ದಯಮಾಡಿ ಕೊನೆಯವರೆಗೆ ಕೇಳಬೇಕು.

೪. ಮಾಡತಕ್ಕ ಉಪಾಯಗಳು

ಮೊದಲನೆಯದು: ಬೀಜ ಕಟ್ಟುವುದಕ್ಕೆ ಮುಂಚೆ ಕೀಳುವುದು. ಮಿರಗ ಅಥವಾ ಆರಿದ್ರೆಯ ಮಳೆಗೆ ಬಿತ್ತಿದ ಜೋಳದಲ್ಲಿ ಬಿಳಿಕಸವು ಸಾಮಾನ್ಯವಾಗಿ ಆಶ್ಲೇಷೆಯ ಹೊತ್ತಿಗೆ ತಲೆಯೆತ್ತುವುದು, ಮಘೆಯಲ್ಲಿ ಹೂವಾಗುವುದು, ಹುಬ್ಬೆ ಉತ್ತರೆಗಳಲ್ಲಿ ಬೀಜ ಉದುರಿಸುವುದು. ಮಳೆಯ ಹಿಂದುಮುಂದಿಗೆ ತಕ್ಕಂತೆ ಈ ಕಾಲವೂ ಹಿಂದುಮುಂದಾಗುವುದು. ಆದುದರಿಂದ ಪಂಚಾಂಗಕ್ಕಿಂತ ಹೂವನ್ನು ನೋಡಿ ನಡೆಯತಕ್ಕದ್ದು. ಮೊದಲ ಹೂವು ಕಂಡ ಕೂಡಲೆ ಕೈಯಿಂದ ಕೀಳಬೇಕು. ಒಂದೇ ಸಲ ಕಿತ್ತರೆ ಸಾಲದು. ಒಳಗಿದ್ದ ಗಿಡಗಳು ಹಿಂದಿನಿಂದ ಬರುತ್ತಿರುವುವು. ಎರಡು ವಾರಕ್ಕೊಮ್ಮೆ ಪುನಃ ಹೊಲವನ್ನು ತಿರುಗಬೇಕು. ಜೋಳ ಕೊಯ್ದ ಮೇಲೂ ಕೂಳೆಯ ಆಸರೆಯಲ್ಲಿ ಹೂಬಿಡುವ ಗಿಡಗಳನ್ನು ಬಿಡಬಾರದು. ಕೀಳುವುದರಿಂದ ಈ ವರ್ಷದ ಫಸಲಿಗೆ ಲಾಭ ಸ್ವಲ್ಪವೇ. ಇದು ಮುಂದಿನ ವರ್ಷಗಳ ಫಸಲನ್ನು ಕಾಯುವ ಕೆಲಸವೆಂದು ತಿಳಿಯಬೇಕು.

ಎರಡನೆಯದು: ಕಿತ್ತದ್ದನ್ನು ನಾಶಮಾಡುವುದು. ಬದುವಿನ ಮೇಲೆ ಹಾಕಬಾರದು, ದನಕ್ಕೆ ಹಾಕಬಾರದು, ತಿಪ್ಪೆಗೂ ಹಾಕಬಾರದು. ಕಾಯಿ ಕಂಡ ಗಿಡಗಳನ್ನು ಅಲುಗಿಸದೆ ಚೀಲದಲ್ಲಿಟ್ಟು ಹೊರಕ್ಕೆ ತಂದು, ಒಣಗಿಸಿ, ಹೊಲದಿಂದಾಚೆ ಒಂದು ಗುಂಡಿಯಲ್ಲಿ ಸುಟ್ಟುಬಿಡಬೇಕು.

ಮೂರನೆಯದು: ಬೆಳೆಯನ್ನು ಬದಲಿಸುವುದು. ಹತ್ತಿಯ ಮಾತನ್ನು ನೆನಪಿನಲ್ಲಿಡಿರೆಂದು ಹೇಳಿದ್ದೆನು. ಹತ್ತಿ, ತೊಗರಿ, ಶೇಂಗಾ, ಅಲಸಂದಿ ಇವುಗಳ ಬೇರಿನ ರಸವು ಬಿಳಿಕಸದ ಬೀಜವನ್ನು ಎಬ್ಬಿಸುವುದು. ಆದರೆ ನಮ್ಮ ಜೋಳವನ್ನು ಹಿಡಿಯುವ ಕಳೆಯು ಆ ಬೇರುಗಳನ್ನು ಹಿಡಿಯಲಾರದು. ಮೊಳೆತ ಬೀಜವು ಉಪವಾಸದಿಂದ ಸಾಯುವುದು. ಮದುವೆಗೆಂದು ಕರೆದು ಊಟವಿಲ್ಲದೆ ಕಳಿಸಿದಂತೆ. ನಮ್ಮ ಕಲಬುರಗಿ ಸೀಮೆಯು ತೊಗರಿಗೆ ಹೆಸರಾದುದು. ಇಲ್ಲಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುವುದು. ತೊಗರಿಯ ಕಾಳಿನಿಂದ ಬರುವ ಲಾಭದ ಜೊತೆಗೆ ಈ ಲಾಭವನ್ನೂ ಎಣಿಸಿರಿ. ಒಂದು ವರ್ಷದಿಂದ ಬೀಜವೆಲ್ಲ ತೀರುವುದಿಲ್ಲ. ಕೆಟ್ಟ ಹೊಲದಲ್ಲಿ ಕೆಲವು ವರ್ಷ ಜೋಳವನ್ನೂ ಸಜ್ಜೆಯನ್ನೂ ಬಿಟ್ಟು ಈ ಬೆಳೆಗಳನ್ನು ಸರದಿಯಿಂದ ಮಾಡಬೇಕು. ಜೋಳ ಬಿತ್ತಲೇಬೇಕಾದರೆ ತೊಗರಿಯ ಅಕ್ಕಡಿಯನ್ನಾದರೂ ಇಡಬೇಕು.

ಮೇವಿನ ಅವಶ್ಯಕತೆಯುಳ್ಳವರು ಇನ್ನೊಂದು ರೀತಿಯಲ್ಲಿ ಮಾಡಬಹುದು. ಜೋಳವನ್ನೇ ಒತ್ತಾಗಿ ಬಿತ್ತಿ, ಬಿಳಿಕಸವು ಮೇಲೆದ್ದು ಹೂವಾಗುವ ಮೊದಲೇ ಕೊಯ್ದು ನೆಲವನ್ನು ಹರಗಿಬಿಟ್ಟರೆ, ಎದ್ದ ಕಳೆಯೆಲ್ಲ ಬೀಜವಿಲ್ಲದೆ ಹೋಗುವುದು. ಆದರೆ ಎಳೆಯ ಜೋಳದಲ್ಲಿ, ಅದರಲ್ಲಿಯೂ ಮಳೆಯಿಲ್ಲದೆ ಬಾಡಿದ್ದರಲ್ಲಿ, ದನಗಳನ್ನು ಕೊಲ್ಲುವ ವಿಷವಿರುವುದನ್ನು ನೀವು ಬಲ್ಲಿರಿ. ಅಂಥದನ್ನು ಹಸಿಯಾಗಿ ಮೇಯಿಸದೆ ನೆಲಕ್ಕೇ ಹೂಳುವುದು ಕ್ಷೇಮ.

ನಾಲ್ಕನೆಯದು: ಭೂಮಿಯ ಹಸಿವನ್ನು ತೀರಿಸುವುದು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸಾರಜನಕ ಮತ್ತು ರಂಜಕದ ಗೊಬ್ಬರ ಇವುಗಳನ್ನು ಮಣ್ಣಿನ ಪರೀಕ್ಷೆಯಂತೆ ಕೊಟ್ಟ ಹೊಲದಲ್ಲಿ ಜೋಳವು ಬಲವಾಗುವುದು, ಬೇರಿನ ಕೂಗೂ ತಗ್ಗುವುದು. ಅರೆಕಳಿತ ಗೊಬ್ಬರವನ್ನು ಕಳೆಯಿರುವ ಊರಿನಿಂದ ಕೊಂಡು ತರಬಾರದು; ಅದರೊಡನೆ ಬೀಜವೂ ಬರಬಹುದು.

ಐದನೆಯದು: ತಡೆಯುಳ್ಳ ತಳಿಗಳು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ಈ ವಿಷಯದಲ್ಲಿ ಬಹಳ ಕೆಲಸ ಮಾಡಿರುವರು. ನಮ್ಮ ದೇಶದ ಎನ್-೧೩ ಎಂಬ ಜೋಳದ ತಳಿಯಲ್ಲಿ ಬೇರಿನ ಒಳಗೋಡೆಯು ದಪ್ಪನಾಗಿ ಕಳೆಯನ್ನು ಒಳಕ್ಕೆ ಬಿಡದಿರುವುದು ಕಂಡುಬಂದಿರುವುದು. ಬೇರೆ ಕೆಲವು ತಳಿಗಳ ಬೇರು ರಸವನ್ನೇ ಕಡಿಮೆ ಒಸರಿಸಿ ಬೀಜವನ್ನು ಎಬ್ಬಿಸದೆ ಬಿಡುವುದು. ಇಂಥ ಗುಣಗಳನ್ನು ಕೂಡಿಸಿ ಆಫ್ರಿಕದ ರೈತರಿಗೆ ಜೋಳದ ತಳಿಗಳನ್ನು ಕೊಟ್ಟ ಇಥಿಯೋಪಿಯದ ಗೆಬಿಸಾ ಎಜೆಟಾ ಎಂಬ ವಿಜ್ಞಾನಿಗೆ ೨೦೦೯ರಲ್ಲಿ ವಿಶ್ವ ಆಹಾರ ಪ್ರಶಸ್ತಿಯು ದೊರೆಯಿತು. ನಿಮ್ಮ ಹೊಲಕ್ಕೆ ಯಾವ ತಳಿಯು ತಕ್ಕುದೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿಯೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರಲ್ಲಿಯೂ ಕೇಳಿ ತಿಳಿಯಬಹುದು. ಕಳೆನಾಶಕ ಔಷಧಗಳೂ ಇರುವುವು. ಆದರೆ ಜೋಳದಲ್ಲಿ ಹೊಡೆಯುವ ೨,೪-ಡಿ ಎಂಬ ಔಷಧವು ಗಾಳಿಯಲ್ಲಿ ಹಾರಿ ಪಕ್ಕದ ಹತ್ತಿಯನ್ನೂ ತೊಗರಿಯನ್ನೂ ಕೆಡಿಸುವುದು. ಅಳತೆಯನ್ನೂ ಕಾಲವನ್ನೂ ತಿಳಿದವರಲ್ಲಿ ಕೇಳದೆ ಅದಕ್ಕೆ ಕೈಹಾಕತಕ್ಕದ್ದಲ್ಲ.

ಆರನೆಯದು: ಬಾಗಿಲನ್ನು ಕಾಯುವುದು. ಬಾಡಿಗೆಗೆ ಬಂದ ಟ್ರಾಕ್ಟರು ಮತ್ತು ಕೊಯ್ಲಿನ ಯಂತ್ರಗಳಿಗೆ ಅಂಟಿದ ಮಣ್ಣನ್ನು ಊರ ಹೊರಗೆಯೇ ಕೆರೆದು ತೆಗೆಸಬೇಕು. ಕಬ್ಬಿನ ಬೀಜವನ್ನೂ ಜೋಳದ ಬೀಜವನ್ನೂ ಕಳೆಯಿಲ್ಲದ ಹೊಲದಿಂದಲೇ ಆರಿಸಬೇಕು. ಕಳೆಯಿದ್ದ ಹೊಲದ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಂಡರೆ ಅಲ್ಲಿಯ ಮಣ್ಣು ಬೇರೆ ಹೊಲಕ್ಕೆ ಹೋಗದು.

೫. ಊರ ಕೆಲಸ

ಇಷ್ಟು ಹೇಳಿದ ಮೇಲೆ ಊರ ಪ್ರಮುಖರಲ್ಲಿ ವಿಶೇಷವಾಗಿ ಒಂದು ಮಾತನ್ನು ಬಿನ್ನವಿಸಬೇಕಾಗಿದೆ. ಒಬ್ಬನು ತನ್ನ ಹೊಲವನ್ನು ಎಷ್ಟು ಚೊಕ್ಕಟವಾಗಿಟ್ಟರೂ, ಮೇಲಿನ ಹೊಲದವನು ನಾಲ್ಕು ಗಿಡಗಳನ್ನು ಬೀಜಕ್ಕೆ ಬಿಟ್ಟರೆ ಎರಡು ಲಕ್ಷ ಬೀಜಗಳಾದುವು. ಆ ಸಾಲವನ್ನು ಕೆಳಗಿನ ಹೊಲದವನು ಹತ್ತು ವರ್ಷ ತೀರಿಸಬೇಕು. ಹೀಗೆ ಒಬ್ಬನ ಅಜಾಗ್ರತೆಯು ಊರಿನ ಸಾಲವಾಗುವುದು. ಆದುದರಿಂದ ಈ ಕಳೆಯನ್ನು ಮನೆಮನೆಯ ಕೆಲಸವೆಂದು ಬಿಡದೆ, ಊರ ಕೆಲಸವೆಂದು ಕೈಕೊಳ್ಳಬೇಕು.

ಒಂದಾಗಿ ನಿಂತರೆ ಏನಾಗಬಹುದೆಂಬುದಕ್ಕೆ ಪರದೇಶದ ಒಂದು ದೃಷ್ಟಾಂತವುಂಟು. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನ ಪ್ರಾಂತಗಳ ಮೆಕ್ಕೆಜೋಳದ ಹೊಲಗಳಲ್ಲಿ ಈ ಕಳೆಯು ೧೯೫೬ರಲ್ಲಿ ಕಾಣಿಸಿತು. ಹುಡುಕಿ ನೋಡಲಾಗಿ ಕಾಲಕ್ರಮದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಹರಡಿದ್ದುದು ತಿಳಿಯಿತು. ಸರಕಾರದವರು ಕೂಡಲೇ ಆ ಸೀಮೆಯಿಂದ ಮಣ್ಣು, ಯಂತ್ರ, ಫಸಲು ಹೊರಹೋಗದಂತೆ ಕಟ್ಟುಪಾಡು ಮಾಡಿ, ಹೊಲಹೊಲವನ್ನೂ ತಪಾಸಣೆಮಾಡಿಸಿ, ಮಣ್ಣಿನೊಳಗೆ ಎಥಿಲೀನ್ ಎಂಬ ಅನಿಲವನ್ನು ಬಿಟ್ಟು ಆಸರೆಯಿಲ್ಲದಾಗ ಬೀಜವು ಮೊಳೆತು ಸಾಯುವಂತೆ ಮಾಡಿದರು. ಹತ್ತಾರು ವರ್ಷ ಬಿಡದೆ ನಡೆದ ಈ ಕೆಲಸದಿಂದ ಕಳೆಯು ಅಲ್ಲಿ ಬಹುಮಟ್ಟಿಗೆ ನಿರ್ಮೂಲವಾಯಿತು. ಅವರ ಅನಿಲವೂ ಹಣವೂ ನಮ್ಮಲ್ಲಿಲ್ಲ. ಆದರೆ ಅವರು ಬಿಡದೆ ಹೊಲಗಳನ್ನು ನೋಡಿದ ಕ್ರಮವು ನಮ್ಮಿಂದ ಆಗದ್ದಲ್ಲ. ಬೀಜವನ್ನು ಎಬ್ಬಿಸಿ ಕೊಲ್ಲುವುದಕ್ಕೆ ನಮ್ಮ ತೊಗರಿಯೂ ಹತ್ತಿಯೂ ಇರುವುವು.

ನನ್ನ ಸೂಚನೆಯು ಇಷ್ಟು. ಆಶ್ಲೇಷೆಯ ಮಳೆಯಲ್ಲಿ ಒಂದು ದಿನ, ಮಘೆಯಲ್ಲಿ ಒಂದು ದಿನ, ಹುಬ್ಬೆಯಲ್ಲಿ ಒಂದು ದಿನ, ಊರಿನವರೆಲ್ಲ ನಿಶ್ಚಯಮಾಡಿಕೊಂಡು ಹೊಲಗಳ ಮೇಲೆ ಹೋಗಬೇಕು. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಮೇಲಿನ ಹೊಲಗಳಿಂದ ಆರಂಭಿಸಬೇಕು. ವಿಧವೆಯರ ಹೊಲ, ದುಡಿಮೆಗೆಂದು ಪಟ್ಟಣಕ್ಕೆ ಹೋದವರ ಹೊಲ, ವ್ಯಾಜ್ಯದಲ್ಲಿ ಬೀಳುಬಿದ್ದ ಹೊಲ ಇವುಗಳನ್ನು ಬಿಟ್ಟುಹೋಗಬಾರದು; ಕಳೆಗೆ ವ್ಯಾಜ್ಯವಿಲ್ಲ. ಯಾವ ಹೊಲದಲ್ಲಿ ಎಷ್ಟು ಕಂಡಿತೆಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟು, ಮರುವರ್ಷ ಅದೇ ಹೊಲಗಳನ್ನು ಮೊದಲು ನೋಡಬೇಕು. ಕಿತ್ತ ಕಸವನ್ನು ಸುಡುವುದಕ್ಕೆ ಒಂದು ಸಾಮಾನ್ಯ ಗುಂಡಿಯಿರಲಿ. ಶಾಲೆಯ ಮಕ್ಕಳಿಗೆ ಗಿಡದ ಗುರುತನ್ನು ಕಲಿಸಿದರೆ ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು.

ಬಾಂಧವರೇ, ಈ ಸೀಮೆಯ ಜನಕ್ಕೆ ಜೋಳವೆಂದರೆ ರೊಟ್ಟಿ, ಕಣಿಕೆಯೆಂದರೆ ಎತ್ತಿನ ಬಲ. ಇವೆರಡನ್ನೂ ನೆಲದೊಳಗೇ ತಿನ್ನುವ ಈ ಕಳ್ಳನಿಗೆ ಎರಡೇ ಆಧಾರಗಳು: ನೆಲದ ಹಸಿವು, ನಮ್ಮೊಳಗಿನ ಒಡಕು. ಹಸಿವಿಗೆ ಗೊಬ್ಬರವೂ ತೊಗರಿಯೂ ಉಂಟು. ಒಡಕಿಗೆ ಔಷಧವನ್ನು ನಿಮ್ಮ ಸಭೆಯೇ ಕೊಡಬೇಕು. ಮುಂದಿನ ಆಶ್ಲೇಷೆಯಲ್ಲಿ ನೀವು ನಿಶ್ಚಯಿಸಿದ ದಿನವನ್ನು ತಿಳಿಸಿದರೆ ನಾನೂ ಬಂದು ನಿಮ್ಮೊಡನೆ ಸಾಲಿನಲ್ಲಿ ಬಗ್ಗಿ ಕೀಳುವೆನು. ಈ ಸಲ ಕಿತ್ತದ್ದು ಬೂದಿಯಾಗುವವರೆಗೆ ಊರು ಬಿಟ್ಟು ಹೋಗುವುದಿಲ್ಲ.